ಪರೇಲಿನ ಆಸ್ಪತ್ರೆಯೂ ಮೈಸೂರು ಸೀಮೆಯ ಮೆಹರ್‌ಬಾಯಿಯೂ

ಕಲಬುರ್ಗಿ, ಸೊಲ್ಲಾಪುರಗಳ ಮೇಲಿಂದ ಬರುವ ರಾತ್ರಿಯ ಗಾಡಿ ಬೆಳಗಿನ ಜಾವ ದಾದರಿನಲ್ಲಿ ನಿಂತಾಗ, ಇಳಿಯುವ ಜನಸಂದಣಿಯಲ್ಲಿ ಕೆಲವರನ್ನು ಕಂಡೊಡನೆಯೇ ಅವರು ಹೊರಟಿರುವ ಠಿಕಾಣಿ ಯಾವುದೆಂಬುದು ಮುಂಬಯಿಯ ಕನ್ನಡಿಗನಿಗೆ ತಿಳಿದುಬಿಡುತ್ತದೆ. ಒಬ್ಬನ ಕಂಕುಳಲ್ಲಿ ಫಿಲ್ಮುಗಳ ದೊಡ್ಡ ಲಕೋಟೆ. ಇನ್ನೊಬ್ಬನ ಗಲ್ಲದ ಸುತ್ತ ಕಟ್ಟಿದ ವಸ್ತ್ರ. ಹಿಂದೆ ಬುತ್ತಿಯ ಗಂಟು ಹೊತ್ತ ಹೆಂಗಸು. ಅವರು ಕೇಳುವ ಪ್ರಶ್ನೆ ಒಂದೇ: “ಟಾಟಾ ದವಾಖಾನಿ ಯಾ ಕಡಿಗೆ ಬರ್ತೈತ್ರಿ?”

೨೦೧೭ರಲ್ಲಿ ಹೀಗೆ ಇಳಿದವರಲ್ಲಿ ನನ್ನ ಸೋದರಮಾವನವರೂ ಒಬ್ಬರು. ಮೂವತ್ತು ವರ್ಷ ಎಲೆ, ಅಡಕೆ, ಸುಣ್ಣ, ತಂಬಾಕುಗಳನ್ನು ಒಂದೇ ದವಡೆಯಲ್ಲಿ ಒತ್ತರಿಸಿಕೊಂಡು ಬಂದವರು. ಆ ದವಡೆಯ ಒಳಗೆ ಮೊದಲು ಬಿಳಿಯ ಮಚ್ಚೆ, ಆಮೇಲೆ ಹುಣ್ಣು. ಊರ ಕಡೆಯ ವೈದ್ಯರೊಬ್ಬರು ಉಷ್ಣವೆಂದು ಹೇಳಿ ಆರು ತಿಂಗಳು ಗುಳಿಗೆ ಕೊಟ್ಟಿದ್ದರು. ನಾನು ಬ್ಯಾಂಕಿಗೆ ರಜೆ ಹಾಕಿ ಅವರೊಡನೆ ಪರೇಲಿನ ಆಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲಿ ಕುಳಿತದ್ದು ಒಟ್ಟು ಒಂಬತ್ತು ದಿನ. ಸರದಿ ಬರುವವರೆಗೆ ಮಾಡುವುದಕ್ಕೇನೂ ಇರಲಿಲ್ಲ. ಗೋಡೆಯ ಮೇಲಿನ ಹೆಸರನ್ನು ನಾನು ಓದಿ ಹೇಳಿದಾಗ ಮಾವನವರು, “ಮೆಮೋರಿಯಲ್ ಅಂದರ ಯಾರದೋ ನೆನಪು ಅಂದಂಗಾತು. ಯಾರದು?” ಎಂದರು. ಜಮಶೇಟಜೀ ಟಾಟಾ ಅವರದ್ದಿರಬೇಕೆಂದು ನಾನು ಹೇಳಿಬಿಟ್ಟೆ. ಅದು ತಪ್ಪು ಎಂಬುದು ಅನಂತರ ತಿಳಿಯಿತು. ಆ ತಪ್ಪನ್ನು ತಿದ್ದಿಕೊಳ್ಳುವ ಸಲುವಾಗಿ ಓದಿದ್ದನ್ನೇ ಈ ಸಂಚಿಕೆಯ ವಾಚಕರ ಮುಂದೆ ಇಡುತ್ತಿದ್ದೇನೆ. ನಾನು ವೈದ್ಯನಲ್ಲ, ಇತಿಹಾಸಕಾರನೂ ಅಲ್ಲ. ಲೆಕ್ಕದ ಪುಸ್ತಕದ ಮನುಷ್ಯ.

ಇದನ್ನು ಬರೆಯಲು ಇನ್ನೊಂದು ನಿಮಿತ್ತವೂ ಉಂಟು. ಪರೇಲಿನ ಆಸ್ಪತ್ರೆ ಮತ್ತು ಅದರ ಮಗ್ಗುಲಲ್ಲಿಯೇ ಬೆಳೆದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇವೆರಡೂ ಸೇರಿ ‘ಟಾಟಾ ಮೆಮೋರಿಯಲ್ ಸೆಂಟರ್’ ಎಂಬ ಒಂದೇ ಸಂಸ್ಥೆಯಾದದ್ದು ೧೯೬೬ರಲ್ಲಿ. ಆ ಲೆಕ್ಕದಂತೆ ೨೦೨೬ಕ್ಕೆ ಅದರ ಷಷ್ಟ್ಯಬ್ದಿ. ೧೯೬೬ರ ಯುಗಾದಿಗೆ ಬಂದದ್ದು ಪರಾಭವ ಸಂವತ್ಸರ. ಅರವತ್ತು ಸುತ್ತಿ ೨೦೨೬ರ ಯುಗಾದಿಗೆ ಬರುವುದೂ ಅದೇ. ಪರಾಭವವೆಂದರೆ ಸೋಲು. ಯಾರ ಸೋಲೆಂಬುದನ್ನು ಪಂಚಾಂಗ ಹೇಳುವುದಿಲ್ಲ.

ಕಥೆ ಆರಂಭವಾಗುವುದು ಮುಂಬಯಿಯಲ್ಲಿ ಅಲ್ಲ, ಮೈಸೂರು ಸಂಸ್ಥಾನದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹೋರ್ಮಸಜೀ ಭಾಭಾ ಎಂಬ ಪಾರ್ಸಿ ವಿದ್ವಾಂಸರು ಮೈಸೂರು ಸರಕಾರದ ವಿದ್ಯಾ ಇಲಾಖೆಯಲ್ಲಿದ್ದರು. ಇನ್ಸ್‌ಪೆಕ್ಟರ್ ಜನರಲ್ ಹುದ್ದೆಯವರೆಗೆ ಏರಿದರು. ಅವರ ಮಗಳು ಮೆಹರ್‌ಬಾಯಿ ಹುಟ್ಟಿದ್ದು ೧೮೭೯ರಲ್ಲಿ. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ತಂದೆಯ ಪುಸ್ತಕ ಭಂಡಾರ, ಪಿಯಾನೊ, ಟೆನಿಸ್ ಇವುಗಳ ನಡುವೆ ಬೆಳೆದ ಹುಡುಗಿ. ಜಮಶೇಟಜೀ ಟಾಟಾ ಅವರ ಹಿರಿಯ ಮಗ ದೊರಾಬಜೀಯವರು ತಂದೆಯ ಕೆಲಸದ ಮೇಲೆ ಮೈಸೂರಿಗೆ ಹೋದಾಗ ಭಾಭಾ ಅವರ ಮನೆಯ ಪರಿಚಯವಾಯಿತು. ಪರಿಚಯ ವಿವಾಹದಲ್ಲಿ ಮುಗಿಯಿತು. ಹೀಗೆ ನಮ್ಮ ನಾಡಿನ ನೀರು ಕುಡಿದು ಬೆಳೆದ ಹೆಣ್ಣುಮಗಳು ಮುಂಬಯಿಯ ಅತಿ ಸಿರಿವಂತರ ಮನೆ ಸೇರಿದಳು.

ಈಕೆ ಬರಿಯ ಸಿರಿವಂತರ ಸೊಸೆಯಾಗಿ ಉಳಿಯಲಿಲ್ಲ. ಸೀರೆಯುಟ್ಟೇ ಟೆನಿಸ್ ಪಂದ್ಯಗಳನ್ನು ಆಡಿ ಗೆದ್ದರು. ಸ್ತ್ರೀಶಿಕ್ಷಣದ ಪರವಾಗಿ ದುಡಿದರು. ೧೯೨೯ರಲ್ಲಿ ಶಾಸನವಾದ ಬಾಲ್ಯವಿವಾಹ ನಿಷೇಧದ ಶಾರದಾ ಕಾಯಿದೆಗಾಗಿ ದನಿಯೆತ್ತಿದವರಲ್ಲಿ ಅವರೂ ಒಬ್ಬರು. ಗಂಡ ಕೊಡಿಸಿದ ‘ಜ್ಯೂಬಿಲಿ’ ಎಂಬ ವಜ್ರ ಅವರ ಕೊರಳಲ್ಲಿತ್ತು. ತೂಕ ೨೪೫ ಕ್ಯಾರಟ್, ಎಂದರೆ ಈಗಿನ ಕೊಹಿನೂರಿನ ಎರಡರಷ್ಟಕ್ಕೂ ಮೀರಿದ್ದು.

ಈ ವಜ್ರದ ಮಾತು ಬಂದಾಗ ಬ್ಯಾಂಕಿನ ಗುಮಾಸ್ತನಾದ ನಾನು ಸ್ವಲ್ಪ ನಿಲ್ಲಲೇಬೇಕು. ೧೯೨೪ರಲ್ಲಿ ಜಮಶೇಡಪುರದ ಉಕ್ಕಿನ ಕಾರಖಾನೆ ಸಂಬಳ ಕೊಡಲೂ ಹಣವಿಲ್ಲದ ಸ್ಥಿತಿಗೆ ಬಂದಿತು. ದೊರಾಬಜೀಯವರು ತಮ್ಮ ಸ್ವಂತ ಆಸ್ತಿಯನ್ನೂ ಹೆಂಡತಿಯ ಒಡವೆಗಳನ್ನೂ ಇಂಪೀರಿಯಲ್ ಬ್ಯಾಂಕಿನಲ್ಲಿ ಒತ್ತೆಯಿಟ್ಟು ಒಂದು ಕೋಟಿ ರೂಪಾಯಿ ಸಾಲವೆತ್ತಿದರು. ಒತ್ತೆ ಸಾಲದ ಮೇಜಿನ ಮುಂದೆ ಹೆಂಗಸರು ಬಳೆ ಬಿಚ್ಚುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಬಿಚ್ಚುವಾಗ ಅವರು ತೂಕದ ಕಡೆ ನೋಡುವುದಿಲ್ಲ, ಬೇರೆಲ್ಲೋ ನೋಡುತ್ತಾರೆ. ಕೋಟಿಯ ಒತ್ತೆಯಾದರೂ ಇಪ್ಪತ್ತು ಸಾವಿರದ ಒತ್ತೆಯಾದರೂ ಆ ಕ್ಷಣ ಒಂದೇ ಇರಬೇಕು. ಕಾರಖಾನೆ ಚೇತರಿಸಿಕೊಂಡಿತು, ಒತ್ತೆ ಬಿಡಿಸಿಕೊಂಡದ್ದಾಯಿತು. ಆ ಇಂಪೀರಿಯಲ್ ಬ್ಯಾಂಕೇ ೧೯೫೫ರಲ್ಲಿ ಸ್ಟೇಟ್ ಬ್ಯಾಂಕ್ ಆದದ್ದು.

೧೯೩೧ರ ಜೂನ್ ೧೮ರಂದು ಮೆಹರ್‌ಬಾಯಿ ಉತ್ತರ ವೇಲ್ಸಿನ ಒಂದು ಆರೋಗ್ಯಧಾಮದಲ್ಲಿ ತೀರಿಕೊಂಡರು. ರೋಗ ಲ್ಯುಕೇಮಿಯಾ, ಎಂದರೆ ರಕ್ತದ ಕ್ಯಾನ್ಸರ್. ವಯಸ್ಸು ೫೧. ಎಪ್ಪತ್ತರ ಗಡಿ ದಾಟಿದ್ದ ದೊರಾಬಜೀಯವರು ಆಮೇಲೆ ಬದುಕಿದ್ದು ಒಂದು ವರ್ಷ ಮಾತ್ರ. ಆ ಒಂದು ವರ್ಷದಲ್ಲಿ ಅವರು ಎರಡು ಕೆಲಸ ಮಾಡಿದರು. ಲ್ಯುಕೇಮಿಯಾದ ಸಂಶೋಧನೆಗೆಂದು ಹೆಂಡತಿಯ ಹೆಸರಿನಲ್ಲಿ ‘ಲೇಡಿ ಟಾಟಾ ಮೆಮೋರಿಯಲ್ ಟ್ರಸ್ಟ್’ ಎಂಬ ಧರ್ಮದತ್ತಿಯನ್ನು ೧೯೩೨ರ ಏಪ್ರಿಲಿನಲ್ಲಿ ಸ್ಥಾಪಿಸಿದರು. ಅದರ ಆದಾಯದ ಹೆಚ್ಚಿನ ಪಾಲು ಯಾವ ದೇಶದ ಸಂಶೋಧಕನಿಗಾದರೂ ಸಲ್ಲಬಹುದೆಂದು ವಿಧಿಸಿದರು. ತಮ್ಮ ಉಳಿದ ಸರ್ವಸ್ವವನ್ನೂ ಇನ್ನೊಂದು ದತ್ತಿಗೆ ಬರೆದರು. ಬಳಿಕ ಹೆಂಡತಿಯ ಸಮಾಧಿಯ ದರ್ಶನಕ್ಕೆಂದು ಇಂಗ್ಲೆಂಡಿಗೆ ಹೊರಟವರು ದಾರಿಯಲ್ಲಿ, ಜರ್ಮನಿಯ ಬಾಡ್ ಕಿಸ್ಸಿಂಗೆನ್ನಿನಲ್ಲಿ, ೧೯೩೨ರ ಜೂನ್ ೩ರಂದು ಕಣ್ಣುಮುಚ್ಚಿದರು. ವರ್ಷದ ದಿನಕ್ಕೆ ಹದಿನೈದು ದಿನ ಉಳಿದಿತ್ತು. ಇಬ್ಬರೂ ಲಂಡನ್ನಿನ ಬಳಿಯ ಬ್ರುಕ್‌ವುಡ್ಡಿನಲ್ಲಿ ಒಂದೇ ಕಡೆ ಮಲಗಿದ್ದಾರೆ. ಜ್ಯೂಬಿಲಿ ವಜ್ರ ಮುಂದೆ ವಿದೇಶದಲ್ಲಿ ಮಾರಾಟವಾಗಿ ಹಣ ದತ್ತಿಗೆ ಸಂದಿತು.

ಪರದೇಶದ ಆಸ್ಪತ್ರೆಯಲ್ಲಿ ತಮ್ಮ ಹೆಂಡತಿಗೆ ದೊರೆತ ಬಗೆಯ ಆರೈಕೆ ಈ ದೇಶದಲ್ಲಿಯೂ ದೊರೆಯಬೇಕೆಂಬುದು ದೊರಾಬಜೀಯವರ ಅಪೇಕ್ಷೆಯಾಗಿತ್ತು. ಅವರ ನಂತರ ಬಂದ ನವರೋಜೀ ಸಕ್ಲಾತವಾಲಾ ಈ ಯೋಜನೆಯನ್ನು ಕೈಬಿಡಲಿಲ್ಲ. ೧೯೩೮ರಲ್ಲಿ ಅವರೂ ತೀರಿಕೊಂಡ ಮೇಲೆ ಜೆ. ಆರ್. ಡಿ. ಟಾಟಾ ಅದನ್ನು ಪೂರೈಸಿದರು. ಗಿರಣಿಗಳ ಚಿಮಣಿಗಳ ನಡುವೆ, ಕಾರ್ಮಿಕರ ಚಾಳುಗಳ ಪಕ್ಕದಲ್ಲಿ, ಪರೇಲಿನಲ್ಲಿ ಏಳು ಅಂತಸ್ತಿನ ಕಟ್ಟಡ ಎದ್ದಿತು. ೧೯೪೧ರ ಫೆಬ್ರವರಿ ೨೮ರಂದು ಮುಂಬಯಿಯ ಗವರ್ನರ್ ಸರ್ ರೋಜರ್ ಲಮ್ಲಿ ಅದನ್ನು ಉದ್ಘಾಟಿಸಿದರು. ಹಾಸಿಗೆಗಳು ೮೦, ವಾರ್ಷಿಕ ಖರ್ಚು ೫ ಲಕ್ಷ ರೂಪಾಯಿ. ಗುಮಾಸ್ತನ ಚಟಕ್ಕೆ ಭಾಗಿಸಿ ನೋಡಿದೆ: ಹಾಸಿಗೆಯೊಂದಕ್ಕೆ ದಿನಕ್ಕೆ ಹದಿನೇಳು ರೂಪಾಯಿಯ ಆಸುಪಾಸು. ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ. ಬಡವರ ಕೇರಿಯಲ್ಲಿ ಇಂಥ ಖರ್ಚಿನ ಆಸ್ಪತ್ರೆ ಕಟ್ಟಿದ್ದನ್ನು ಇಂದಿಗೂ ನಾನು ಒಂದು ಸಾಹಸವೆಂದೇ ಎಣಿಸುತ್ತೇನೆ.

ಆದರೆ ಈ ಆಸ್ಪತ್ರೆಗೆ ಬೆಲೆ ಬಂದದ್ದು ಕಟ್ಟಡದಿಂದಲ್ಲ, ರೇಡಿಯಂನಿಂದಲೂ ಅಲ್ಲ. ಅದರ ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತ ಒಬ್ಬ ಮನುಷ್ಯನಿಂದ. ಡಾ. ವಸಂತ ರಾಮಜೀ ಖಾನೋಲ್ಕರ್ ಲಂಡನ್ನಿನಲ್ಲಿ ರೋಗವಿಜ್ಞಾನವನ್ನು ಕಲಿತು ಬಂದವರು. ಬಂದ ರೋಗಿಯ ಹುಣ್ಣಿನ ಚೂರನ್ನು ಗಾಜಿನ ಮೇಲಿಟ್ಟು ನೋಡಿ ಹೆಸರು ಬರೆದುಕೊಟ್ಟರೆ ರೋಗವಿಜ್ಞಾನಿಯ ಕೆಲಸ ಮುಗಿಯುತ್ತದೆ. ಖಾನೋಲ್ಕರರು ಅಲ್ಲಿಗೆ ನಿಲ್ಲಿಸಲಿಲ್ಲ. ಈತ ಯಾವ ಊರಿನವನು, ಏನು ಉಡುತ್ತಾನೆ, ಏನು ಜಗಿಯುತ್ತಾನೆ, ಬೀಡಿಯನ್ನು ಹೇಗೆ ಹಿಡಿಯುತ್ತಾನೆ ಎಂದು ಕೇಳತೊಡಗಿದರು. ರೋಗ ಒಂದೇ ಆದರೂ ಅದು ಮೈಯಲ್ಲಿ ಕೂರುವ ಜಾಗ ಜಾತಿ, ಪ್ರಾಂತ, ಪದ್ಧತಿಗಳಿಗೆ ತಕ್ಕಂತೆ ಬದಲಾಗುತ್ತದೆಂಬುದು ಅವರಿಗೆ ಗೋಚರವಾಯಿತು.

ಕಾಶ್ಮೀರದ ಮಾತು ಮೊದಲೇ ತಿಳಿದಿತ್ತು. ಅಲ್ಲಿಯ ಜನ ಚಳಿಗೆ ಕೆಂಡದ ಕಾಂಗಡಿಯನ್ನು ನಿಲುವಂಗಿಯೊಳಗೆ ಹೊಟ್ಟೆಗೆ ಆನಿಸಿಕೊಳ್ಳುತ್ತಾರೆ. ಆ ಜಾಗದಲ್ಲಿಯೇ ಹುಣ್ಣಾಗುವುದನ್ನು ಎಲ್ಮ್‌ಸ್ಲಿ ಎಂಬ ವೈದ್ಯರು ೧೮೬೬ರಲ್ಲಿಯೇ ಬರೆದಿದ್ದರು. ಖಾನೋಲ್ಕರರೂ ಅವರ ಸಹಾಯಕಿ ಸೂರ್ಯಾಬಾಯಿಯವರೂ ೧೯೪೫ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ ಬರೆದ ಪ್ರಬಂಧ ಇದೇ ದಾರಿಯದು. ಸೊಂಟಕ್ಕೆ ಬಿಗಿದು ಕಟ್ಟಿದ ಧೋತರದ ಅಂಚು ವರ್ಷಾನುಗಟ್ಟಲೆ ಉಜ್ಜಿದ ಜಾಗದಲ್ಲಿ ಹುಟ್ಟುವ ‘ಧೋತಿ ಕ್ಯಾನ್ಸರ್’ ಜಗತ್ತಿಗೆ ಗೊತ್ತಾದದ್ದು ಹಾಗೆ. ಕೆಳತುಟಿಯ ಸಂದಿಯಲ್ಲಿ ತಂಬಾಕು-ಸುಣ್ಣದ ಖೈನಿಯನ್ನು ಇಟ್ಟುಕೊಳ್ಳುವವನಿಗೆ ಆ ಸಂದಿಯಲ್ಲಿಯೇ ಹುಣ್ಣು. ತೆಲುಗು ಕರಾವಳಿಯಲ್ಲಿ ಚುಟ್ಟಾದ ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವ ಹೆಂಗಸರಿಗೆ ಅಂಗುಳಿನಲ್ಲಿ. ನಮ್ಮ ಮಾವನವರಿಗೆ ಎಡದವಡೆಯಲ್ಲಿ. ಅವರು ತಾಂಬೂಲವನ್ನು ಒತ್ತರಿಸುತ್ತಿದ್ದದ್ದೂ ಎಡಕ್ಕೇ.

ತಾಂಬೂಲದ ಮೇಲೆ ಸಂಶಯ ಬಂದದ್ದು ಇನ್ನೂ ಹಿಂದೆ. ತಿರುವಾಂಕೂರಿನ ನೆಯ್ಯೂರಿನಲ್ಲಿದ್ದ ಡಾ. ಆರ್ ಎಂಬವರು ೧೯೩೩ರಲ್ಲಿ ಅದನ್ನು ಬರೆದಿದ್ದರು. ಬಹುಕಾಲ ದೋಷವನ್ನೆಲ್ಲ ತಂಬಾಕಿನ ಮೇಲೆ ಹೊರಿಸಿ ಅಡಕೆಯನ್ನು ಬಿಟ್ಟುಬಿಡುವ ವಾಡಿಕೆಯಿತ್ತು. ೨೦೦೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ತಂಬಾಕಿಲ್ಲದ ಅಡಕೆಯೂ ಕ್ಯಾನ್ಸರ್‌ಕಾರಕವೆಂದು ಪ್ರಕಟಿಸಿತು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅಡಕೆಯ ತೋಟವನ್ನೇ ನಂಬಿರುವ ನಮ್ಮವರಿಗೆ ಇದು ಕಹಿಯಾದ ಮಾತು. ಮದುವೆ ಮುಂಜಿಗಳಲ್ಲಿ ಎಲೆ ಅಡಕೆಯಿಲ್ಲದೆ ಆಹ್ವಾನವೇ ಕೊಡಲಾಗದ ನಮಗೆಲ್ಲರಿಗೂ ಕಹಿ. ಆದರೆ ಗಾಜಿನ ಮೇಲಿನ ಚೂರು ಯಾರ ದಾಕ್ಷಿಣ್ಯವನ್ನೂ ನೋಡುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಟಾಟಾ ದತ್ತಿಯೂ ಕೇಂದ್ರ ಸರಕಾರವೂ ಈ ಕೆಲಸದಲ್ಲಿ ಪಾಲುಗಾರರಾದವು. ೧೯೫೨ರಲ್ಲಿ ಆರೋಗ್ಯ ಖಾತೆಯು ಪರೇಲಿನಲ್ಲಿಯೇ ‘ಇಂಡಿಯನ್ ಕ್ಯಾನ್ಸರ್ ರಿಸರ್ಚ್ ಸೆಂಟರ್’ ಸ್ಥಾಪಿಸಿತು. ಖಾನೋಲ್ಕರರೇ ಅದರ ಮೊದಲ ನಿರ್ದೇಶಕರು. ಅಲ್ಲಿ ಮೊಳೆತ ಪ್ರತಿಭೆಗಳಲ್ಲಿ ಡಾ. ಕಮಲ್ ರಣದಿವೆಯವರ ಹೆಸರನ್ನು ಹೇಳಲೇಬೇಕು. ಪುಣೆಯಲ್ಲಿ ಹುಟ್ಟಿ ಬೆಳೆದ ಈಕೆ ಅಮೆರಿಕದ ಬಾಲ್ಟಿಮೋರಿಗೆ ಹೋಗಿ ದೇಹದ ಜೀವಕೋಶಗಳನ್ನು ದೇಹದ ಹೊರಗೆ ಗಾಜಿನ ಪಾತ್ರೆಯಲ್ಲಿ ಬೆಳೆಸುವ ವಿದ್ಯೆಯನ್ನು ಕಲಿತುಬಂದು, ನಮ್ಮ ದೇಶದಲ್ಲಿ ಅಂಥ ಮೊದಲ ಪ್ರಯೋಗಶಾಲೆಯನ್ನು ಪರೇಲಿನಲ್ಲಿ ಕಟ್ಟಿದರು. ೧೯೭೩ರಲ್ಲಿ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘವನ್ನು ಹುಟ್ಟುಹಾಕಿದವರಲ್ಲಿಯೂ ಅವರು ಪ್ರಮುಖರು. ೧೯೮೨ರಲ್ಲಿ ಪದ್ಮಭೂಷಣ ಬಂದಿತು.

೧೯೫೭ರಲ್ಲಿ ಆಸ್ಪತ್ರೆಯೂ ಕೇಂದ್ರದ ಆರೋಗ್ಯ ಖಾತೆಯ ವಶಕ್ಕೆ ಹೋಯಿತು. ೧೯೬೨ರಲ್ಲಿ ಆಸ್ಪತ್ರೆ, ಸಂಶೋಧನಾ ಕೇಂದ್ರಗಳೆರಡೂ ಅಣುಶಕ್ತಿ ಇಲಾಖೆಗೆ ಸೇರಿದವು. ಅಣುವಿಗೂ ದವಡೆಯ ಹುಣ್ಣಿಗೂ ಏನು ನಂಟೆಂದು ಹೊಸಬರಿಗೆ ಅನಿಸುತ್ತದೆ, ನನಗೂ ಅನಿಸಿತ್ತು. ನಂಟು ಕಿರಣಗಳದು. ರೇಡಿಯಂ ಅತಿ ದುಬಾರಿಯ, ವಿರಳ ವಸ್ತು. ಆದರೆ ಸಾಮಾನ್ಯ ಕೋಬಾಲ್ಟನ್ನು ಅಣುಸ್ಥಾವರದಲ್ಲಿಟ್ಟರೆ ಅದೂ ಕಿರಣ ಸೂಸುವ ಕೋಬಾಲ್ಟ್-೬೦ ಆಗುತ್ತದೆ. ಟ್ರಾಂಬೆಯಲ್ಲಿ ಅಪ್ಸರಾ ಸ್ಥಾವರ ೧೯೫೬ರಲ್ಲಿಯೇ ನಡೆಯತೊಡಗಿತ್ತು. ಅಲ್ಲಿಯ ಭೌತವಿಜ್ಞಾನಿಯೂ ಪರೇಲಿನ ವೈದ್ಯನೂ ಒಂದೇ ಸೂರಿನಡಿ ಬಂದರೆ ಕಿರಣದ ಚಿಕಿತ್ಸೆ ಪರದೇಶದ ಯಂತ್ರವನ್ನೇ ಕಾಯಬೇಕಾಗಿಲ್ಲವೆಂಬುದು ಡಾ. ಹೋಮಿ ಭಾಭಾ ಅವರ ದೂರದೃಷ್ಟಿ. ಅದು ಕೂಡಲೇ ಫಲಿಸಲಿಲ್ಲ. ಟ್ರಾಂಬೆಯವರು ‘ಭಾಭಾಟ್ರಾನ್’ ಎಂಬ ಕೋಬಾಲ್ಟ್ ಯಂತ್ರವನ್ನು ತಯಾರಿಸಿ ಖಾರ್‌ಘರದಲ್ಲಿ ಮೊದಲ ಬಾರಿಗೆ ನಿಲ್ಲಿಸುವುದಕ್ಕೆ ಈ ಶತಮಾನವೇ ಬರಬೇಕಾಯಿತು.

ಈ ಹೋಮಿ ಭಾಭಾ ಯಾರು? ಮೈಸೂರಿನ ವಿದ್ಯಾಧಿಕಾರಿ ಹೋರ್ಮಸಜೀ ಭಾಭಾ ಅವರ ಮೊಮ್ಮಗ; ಅಜ್ಜನ ಹೆಸರನ್ನೇ ಇಟ್ಟುಕೊಂಡವರು. ಮೆಹರ್‌ಬಾಯಿ ಅವರಿಗೆ ಸ್ವಂತ ಸೋದರತ್ತೆ. ಯುದ್ಧಕಾಲದಲ್ಲಿ ಕೇಂಬ್ರಿಜ್ಜಿಗೆ ಹಿಂದಿರುಗಲಾಗದೆ ಇಲ್ಲಿಯೇ ಉಳಿದಾಗ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ಅವರಿಗೆ ವಿಶ್ವಕಿರಣಗಳ ಅಭ್ಯಾಸಕ್ಕೆ ಹಣ ಕೊಟ್ಟದ್ದು ದೊರಾಬಜೀ ದತ್ತಿಯೇ. ೧೯೪೫ರಲ್ಲಿ ಮೂಲಭೂತ ವಿಜ್ಞಾನದ ಟಾಟಾ ಸಂಸ್ಥೆ ಆರಂಭವಾದದ್ದೂ ಮೊದಲು ಬೆಂಗಳೂರಿನಲ್ಲಿ; ಅದೇ ವರ್ಷದ ಕೊನೆಗೆ ಮುಂಬಯಿಗೆ ಬಂದಿತು. ಹೀಗೆ ಅತ್ತೆಯ ಸಾವಿನಿಂದ ಹುಟ್ಟಿದ ಆಸ್ಪತ್ರೆ ಮೂವತ್ತು ವರ್ಷಗಳ ನಂತರ ಸೋದರಳಿಯನ ಇಲಾಖೆಗೆ ಬಂದಿತು. ಕಾದಂಬರಿಯಲ್ಲಿ ಬರೆದರೆ ನಂಬಲಾರೆವು. ೧೯೬೬ರಲ್ಲಿ ಎರಡು ಸಂಸ್ಥೆಗಳು ಒಂದಾದವು. ಅದೇ ವರ್ಷದ ಜನವರಿ ೨೪ರಂದು ಮೋಂಬ್ಲಾ ಪರ್ವತದ ಮೇಲೆ ವಿಮಾನ ಬಿದ್ದು ಭಾಭಾ ಮಡಿದರು.

ತಮ್ಮ ಹಣದಿಂದ ಕಟ್ಟಿದ್ದನ್ನು ಸರಕಾರಕ್ಕೆ ಒಪ್ಪಿಸಿದ ಮೇಲೆ ಅದು ಕೆಟ್ಟುಹೋಯಿತೆಂದು ಹೇಳುವುದು ನಮ್ಮಲ್ಲಿ ರೂಢಿ. ಇಲ್ಲಿ ಹಾಗಾಗಲಿಲ್ಲ. ೮೦ ಹಾಸಿಗೆಗಳು ೬೦೦ನ್ನು ದಾಟಿವೆ. ಬಂದವರಲ್ಲಿ ಅರ್ಧಕ್ಕೂ ಮಿಕ್ಕವರಿಗೆ ಚಿಕಿತ್ಸೆ ಉಚಿತ ಅಥವಾ ಅತ್ಯಲ್ಪ ವೆಚ್ಚದ್ದು. ಹಾಗೆಂದು ಎಲ್ಲವೂ ಸುಖವೆನ್ನುವಂತಿಲ್ಲ. ರೋಗಿಗಳು ಹೊರಗಿನ ಕಾಲ್ದಾರಿಯ ಮೇಲೆ ಮಲಗುವುದನ್ನು ಮುಂಬಯಿ ಕಂಡಿದೆ. ದಾದರಿನ ಗಾಡಗೇ ಮಹಾರಾಜ ಧರ್ಮಶಾಲೆಯಂಥವು ಇಲ್ಲದಿದ್ದರೆ ಬಡವರ ಗತಿ ಏನೆಂದು ಹೇಳಲಾರೆ. ಆಸ್ಪತ್ರೆಯ ಮುಂದಿನ ರಸ್ತೆಗೆ ಡಾ. ಅರ್ನೆಸ್ಟ್ ಬೋರ್ಜಿಸ್ ಅವರ ಹೆಸರಿದೆ. ೧೯೬೯ರಲ್ಲಿ ತೀರಿಕೊಂಡ ಈ ಶಸ್ತ್ರವೈದ್ಯರು ಬಡ ರೋಗಿಗಳ ಪಾಲಿಗೆ ದೇವರಂತಿದ್ದರೆಂದು ಪರೇಲಿನ ಹಳಬರು ಹೇಳುತ್ತಾರೆ.

ಸಂಶೋಧನೆಯ ಭಾಗ ೨೦೦೨ರಲ್ಲಿ ನವೀ ಮುಂಬಯಿಯ ಖಾರ್‌ಘರಕ್ಕೆ ವಿಸ್ತರಿಸಿತು. ಅಲ್ಲಿಯ ಜೀವಕೋಶಗಳ ಗೂಢವನ್ನು ಬಿಡಿಸಿ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ನನ್ನಂಥವನಿಗೂ ತಿಳಿಯುವ ಎರಡು ಪ್ರಯೋಗಗಳಿವೆ. ಒಂದು, ಮನೆಯ ಅಡಿಗೆಗೆ ಬಳಸುವ ವಿನಿಗರ್‌ನದು. ಗರ್ಭಕೋಶದ ಕಂಠಕ್ಕೆ ಅದರ ನೀರು ದ್ರಾವಣವನ್ನು ಸವರಿದರೆ, ಕೆಡಲಾರಂಭಿಸಿದ ಭಾಗ ಬೆಳ್ಳಗೆ ತೋರುತ್ತದೆ. ೧೯೯೮ರಿಂದ ಮುಂಬಯಿಯ ಕೊಳಚೆ ಬಡಾವಣೆಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವೈದ್ಯರಲ್ಲದ, ತರಬೇತಿ ಹೊಂದಿದ ಕಾರ್ಯಕರ್ತೆಯರಿಂದ ಎರಡು ವರ್ಷಗಳಿಗೊಮ್ಮೆ ಈ ಪರೀಕ್ಷೆ ಮಾಡಿಸಿದರು. ಆ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ನೂರಕ್ಕೆ ೩೧ರಷ್ಟು ಇಳಿಯಿತು. ಪರೀಕ್ಷೆ ಸಿಗದ ಇನ್ನೊಂದು ಗುಂಪಿನ ಹೆಂಗಸರ ಗತಿಯೇನೆಂದು ಪರದೇಶದಿಂದ ಆಕ್ಷೇಪಣೆ ಬಂತು. ಆ ಕಾಲದಲ್ಲಿ ಇಲ್ಲಿ ಯಾರಿಗೂ ಪರೀಕ್ಷೆಯೇ ಇರಲಿಲ್ಲವೆಂಬುದು ವೈದ್ಯರ ಉತ್ತರ. ಎರಡೂ ಮಾತಿನಲ್ಲಿ ಸತ್ಯವಿದೆ. ಆಕ್ಷೇಪಣೆ ನನ್ನ ಮನಸ್ಸಿನಿಂದ ಪೂರ್ತಿ ಹೋಗಿಲ್ಲ.

ಇನ್ನೊಂದು ನಮ್ಮ ಮಾವನವರಿಗೆ ಸಂಬಂಧಿಸಿದ್ದು. ಬಾಯಿಯ ಗಡ್ಡೆಯನ್ನು ತೆಗೆಯುವಾಗ, ಕುತ್ತಿಗೆಯ ಗ್ರಂಥಿಗಳಿಗೆ ರೋಗ ತಲುಪಿದಂತೆ ತೋರದಿದ್ದರೂ ಅವನ್ನೂ ಆಗಲೇ ತೆಗೆಯಬೇಕೇ, ತೋರಿದ ಮೇಲೆ ತೆಗೆದರೆ ಸಾಕೇ ಎಂಬ ವಾದ ಜಗತ್ತಿನಲ್ಲೆಲ್ಲ ದಶಕಗಳಿಂದ ನಡೆದಿತ್ತು. ಪರೇಲಿನ ವೈದ್ಯರು ಅದನ್ನು ಎಣಿಕೆಯಿಂದ ತೀರ್ಮಾನಿಸಿ ೨೦೧೫ರಲ್ಲಿ ಪ್ರಕಟಿಸಿದರು. ೫೦೦ ರೋಗಿಗಳ ಲೆಕ್ಕ: ಮೊದಲೇ ತೆಗೆದವರಲ್ಲಿ ಮೂರು ವರ್ಷ ಬದುಕಿದವರು ನೂರಕ್ಕೆ ೮೦, ಕಾದವರಲ್ಲಿ ೬೭.೫. ಎರಡು ವರ್ಷಗಳ ತರುವಾಯ ಮಾವನವರ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದರು. ಅವರು ಈಗಲೂ ಇದ್ದಾರೆ. ಮಾತು ತುಸು ತೊದಲುತ್ತದೆ; ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ.

ಕರ್ನಾಟಕಕ್ಕೂ ಈ ಕೆಲಸದ ಒಂದು ಪಾಲು ಹಿಂತಿರುಗಿದೆ. ದೇಶದಲ್ಲಿ ಕ್ಯಾನ್ಸರಿನ ಮೊದಲ ಜನಗಣನೆಯಂಥ ದಾಖಲೆಯನ್ನು ಡಾ. ಜಸ್ಸಾವಾಲಾ ಅವರು ೧೯೬೩ರಲ್ಲಿ ಮುಂಬಯಿಯಲ್ಲಿ ತೆರೆದರು. ೧೯೮೨ರಿಂದ ಬೆಂಗಳೂರು, ಮದರಾಸುಗಳೂ ಸೇರಿ ಅದು ರಾಷ್ಟ್ರೀಯ ದಾಖಲೆಯಾಯಿತು. ಇಂದು ಇಡೀ ದೇಶದ ಆ ಲೆಕ್ಕವನ್ನು ಇಡುವ ಕಚೇರಿ ಇರುವುದು ಬೆಂಗಳೂರಿನಲ್ಲಿ. ೧೯೭೩ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಪರೇಲಿನವರು ೨೦೧೨ರಲ್ಲಿ ಕಟ್ಟಿದ ರಾಷ್ಟ್ರೀಯ ಕ್ಯಾನ್ಸರ್ ಬಳಗದಲ್ಲಿ ಸದಸ್ಯನಾಗಿದೆ. ಬಳಗದ ಸಂಸ್ಥೆಗಳು ೩೦೦ಕ್ಕೂ ಮಿಕ್ಕಿವೆ, ಚಿಕಿತ್ಸೆಯ ಕ್ರಮ ಎಲ್ಲೆಡೆ ಒಂದೇ ಇರಬೇಕೆಂಬುದು ಅದರ ಉದ್ದೇಶ. ಆದುದರಿಂದ ಊರಿನಿಂದ ಫೋನು ಬಂದಾಗ, ಎಲ್ಲರನ್ನೂ ಮುಂಬಯಿಗೇ ಕರೆಸಿಕೊಳ್ಳುವ ಮೊದಲು ಕಿದ್ವಾಯಿಗೆ ಹೋಗಿದ್ದೀರಾ ಎಂದು ನಮ್ಮವರು ಒಂದು ಮಾತು ಕೇಳುವುದೊಳ್ಳೆಯದು.

ಬಂದೇ ಬಂದವರಿಗೆ ಬೇಕಾದದ್ದು ಹಣಕ್ಕಿಂತ ಮೊದಲು ಭಾಷೆ. ಯಾವ ಕೋಣೆಗೆ ಹೋಗಬೇಕು, ಯಾವ ದಿನ ಉಪವಾಸ ಬರಬೇಕು ಎಂಬುದನ್ನು ಹಿಂದಿ ಮರಾಠಿಗಳಲ್ಲಿ ಕೇಳಿ ತಲೆಯಾಡಿಸಿ, ತಿಳಿಯದೆ ಮರುದಿನ ಉಂಡೇ ಬಂದು, ಪರೀಕ್ಷೆ ತಪ್ಪಿಸಿಕೊಂಡು ವಾರ ಕಳೆದ ಒಬ್ಬ ಬೀದರ ಜಿಲ್ಲೆಯ ರೈತನನ್ನು ಆ ಒಂಬತ್ತು ದಿನಗಳಲ್ಲಿ ನಾನೇ ನೋಡಿದೆ. ಮಾವನವರು ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ನೋಯುವ ಬಾಯಿಂದಲೇ, ಚೀಟಿಯಲ್ಲಿದ್ದದ್ದನ್ನು ನನ್ನಿಂದ ಓದಿಸಿ ಮತ್ತೊಮ್ಮೆ ಅವನ ಮಾತಿನಲ್ಲಿ ಹೇಳಿದರು: ನಾಳೆ ಏಳಕ್ಕ, ಮೂರನೇ ಮಾಳಿಗಿ, ನೀರು ಸುದ್ದಾ ಕುಡೀಬ್ಯಾಡ.